ಕಾರ್ಡ್ ಬಾಕಿ ಇದ್ದರೆ ಸೆಕ್ಯುರಿಟಿ ಕ್ಲಿಯರೆನ್ಸ್ ಸಿಗುವುದಿಲ್ಲವೇ?

ಪ್ರಶ್ನೆ: ನಾನು ಹಾಸನದವನು. 2006ರಲ್ಲಿ ಎಚ್-1ಬಿ ಮೇಲೆ ಅಮೆರಿಕಕ್ಕೆ ಬಂದೆ, 2022ರಲ್ಲಿ ಇಲ್ಲಿನ ಪೌರತ್ವ ಸಿಕ್ಕಿತು. ವರ್ಜೀನಿಯಾದಲ್ಲಿ ರಕ್ಷಣಾ ಇಲಾಖೆಯ ಗುತ್ತಿಗೆ ಕೆಲಸ ಮಾಡುವ ಕಂಪನಿಯೊಂದು ಆಫರ್ ಕೊಟ್ಟಿದೆ. ಸೀಕ್ರೆಟ್ ಮಟ್ಟದ ಕ್ಲಿಯರೆನ್ಸ್, ಅಂದರೆ ಸರ್ಕಾರದ ರಹಸ್ಯ ಮಾಹಿತಿ ನೋಡುವ ಅನುಮತಿ, ಸಿಕ್ಕರೆ ಮಾತ್ರ ಕೆಲಸ. ಎಸ್‌ಎಫ್-86 ಫಾರ್ಮ್ ತುಂಬಲು ಹತ್ತು ದಿನ ಕೊಟ್ಟಿದ್ದಾರೆ. 2023ರ ಮಾರ್ಚ್‌ನಲ್ಲಿ ಹಳೆಯ ಕೆಲಸ ಹೋಗಿ ಒಂಬತ್ತು ತಿಂಗಳು ಮನೆಯಲ್ಲಿದ್ದೆ. ಆಗ ಎರಡು ಕ್ರೆಡಿಟ್ ಕಾರ್ಡ್ ಕಟ್ಟಲಾಗಲಿಲ್ಲ. ಒಂದರಲ್ಲಿ 11,400 ಡಾಲರ್, ಬ್ಯಾಂಕ್ ಅದನ್ನು ಚಾರ್ಜ್-ಆಫ್ ಮಾಡಿದೆ. ಇನ್ನೊಂದು 6,200, ಕಲೆಕ್ಷನ್ ಏಜೆನ್ಸಿಗೆ ಹೋಗಿದೆ. ಈಗ ಎರಡು ವರ್ಷದಿಂದ ಸಂಬಳ ಬರುತ್ತಿದ್ದರೂ ಅವುಗಳ ಗೋಜಿಗೆ ಹೋಗಿಲ್ಲ. ಕಳೆದ ವರ್ಷ ಮನೆಮಂದಿಯೆಲ್ಲ ಊರಿಗೆ ಹೋಗಿಬಂದೆವು. ಹಳೆಯ ಕೆಲಸ ಹೋದದ್ದೂ ಲೇಆಫ್ ಅಲ್ಲ. ಕೆಲಸ ಸುಧಾರಿಸಿಕೊಳ್ಳಲು ಗಡುವು ಕೊಡುವ ಪಿಐಪಿ ಹಾಕಿ, ಕೊನೆಗೆ ಪರಸ್ಪರ ಒಪ್ಪಿಗೆ ಎಂದು ಬರೆಸಿಕೊಂಡು ಕಳಿಸಿದರು. ಊರಲ್ಲಿ ಎನ್‌ಆರ್‌ಇ ಎಫ್‌ಡಿ ಇದೆ, ಅಪ್ಪನ ಖಾತೆಯಲ್ಲಿ ನನ್ನ ಹೆಸರೂ ಇದೆ, ತಮ್ಮನ ಮೈಸೂರಿನ ಮನೆ ಸಾಲಕ್ಕೆ ನಾನು ಸಹ-ಸಾಲಗಾರ. ಎಫ್‌ಬಾರ್ ಯಾವತ್ತೂ ಹಾಕಿಲ್ಲ. ಅಪ್ಪ ಅಮ್ಮನಿಗೆ ತಿಂಗಳಿಗೆ 600 ಡಾಲರ್ ಕಳಿಸುತ್ತೇನೆ. ‘ಚಾರ್ಜ್-ಆಫ್ ಆದ ಸಾಲ ಸತ್ತಂತೆ, ಬರೆಯಬೇಡ. ಇಂಡಿಯಾದ್ದು ಇವರಿಗೆ ಕಾಣಿಸುವುದಿಲ್ಲ. ಪಿಐಪಿ ವಿಷಯ ಎಚ್‌ಆರ್ ಹೇಳುವುದಿಲ್ಲ’ ಎನ್ನುತ್ತಾರೆ ಗೆಳೆಯರು. ಬರೆದರೆ ಕೆಲಸ ಹೋಗುತ್ತದೆಂಬ ಭಯ. ಏನು ಮಾಡಲಿ?

ಉತ್ತರ: ನಿಮ್ಮ ಭಯವೆಲ್ಲ ಆ 17,600 ಡಾಲರ್ ಸುತ್ತ ಸುತ್ತುತ್ತಿದೆ. ನೀವು ಬರೆದಿರುವುದರಲ್ಲಿ ಸುಲಭವಾಗಿ ಸರಿಹೋಗುವ ಸಂಗತಿ ಅದೇ. ನಿಜವಾಗಿ ಅಪಾಯ ಇರುವುದು ಗೆಳೆಯರ ಸಲಹೆಯಲ್ಲಿ. ಅದರ ನಂತರದ್ದು, ನೀವು ಮೂರೇ ಪದದಲ್ಲಿ ಹೇಳಿ ಮುಂದೆ ಹೋದ ಎಫ್‌ಬಾರ್, ಅಂದರೆ ವಿದೇಶಿ ಖಾತೆಗಳ ವರದಿ.

ಮೊದಲು, ಅಳೆಯುವ ಕೋಲು ಯಾವುದು ಎಂದು ತಿಳಿದುಕೊಳ್ಳಿ. ಅಮೆರಿಕದಲ್ಲಿ ಕ್ಲಿಯರೆನ್ಸ್ ಅರ್ಹತೆಯನ್ನು ತೀರ್ಮಾನಿಸುವುದು ‘ಸೀಡ್-4’ ಎಂದು ಕರೆಯುವ ನಿರ್ದೇಶನದ ಪ್ರಕಾರ. 2017ರ ಜೂನ್ 8ರಿಂದ ಜಾರಿಯಲ್ಲಿದೆ. ಅದರಲ್ಲಿ ಎ ಯಿಂದ ಎಂ ವರೆಗೆ ಹದಿಮೂರು ಮಾರ್ಗಸೂಚಿಗಳು. ನಿಮಗೆ ತಾಗುವುದು ಮೂರು: ಹಣಕಾಸಿನ ಎಫ್, ವೈಯಕ್ತಿಕ ನಡತೆಯ ಇ, ವಿದೇಶಿ ಪ್ರಭಾವದ ಬಿ. ಇದು ಪರೀಕ್ಷೆಯಲ್ಲ, ಇಷ್ಟು ಅಂಕ ಬಂದರೆ ಪಾಸು ಎಂಬುದಿಲ್ಲ. ಒಟ್ಟು ಮನುಷ್ಯನನ್ನು ನೋಡಿ ತೀರ್ಮಾನಿಸುತ್ತಾರೆ, ಮತ್ತು ಸಂಶಯ ಉಳಿದರೆ ಅದರ ಲಾಭ ಅರ್ಜಿದಾರನಿಗಲ್ಲ, ರಾಷ್ಟ್ರದ ಭದ್ರತೆಗೆ. ಕ್ಲಿಯರೆನ್ಸ್ ಯಾರಿಗೂ ಹಕ್ಕಲ್ಲ ಎಂದು ಅಲ್ಲಿನ ಸುಪ್ರೀಂ ಕೋರ್ಟ್ 1988ರಲ್ಲಿ, ನೌಕಾ ಇಲಾಖೆ ಮತ್ತು ಈಗನ್ ನಡುವಿನ ಮೊಕದ್ದಮೆಯಲ್ಲಿ, ಹೇಳಿಬಿಟ್ಟಿದೆ. ಹಾಗಾಗಿ ‘ನಾನು ತಪ್ಪು ಮಾಡಿದ್ದೇನೆಂದು ಅವರೇ ತೋರಿಸಲಿ’ ಎಂಬ ವಾದ ಇಲ್ಲಿ ನಡೆಯುವುದಿಲ್ಲ. ಬಾಕಿ ಇದೆ ಎಂದು ಅವರು ತೋರಿಸಿದರೆ ಸಾಕು, ಅದು ಯಾಕೆ ಚಿಂತೆಯ ವಿಷಯವಲ್ಲ ಎಂದು ತೋರಿಸುವ ಹೊರೆ ನಿಮ್ಮದು.

ಸಾಲಕ್ಕೂ ಗೂಢಚರ್ಯೆಗೂ ಎತ್ತಣ ಸಂಬಂಧ ಅಂತ ಅನಿಸಬಹುದು. ಸಿಐಎಯ ಆಲ್ಡ್ರಿಚ್ ಏಮ್ಸ್ 1985ರಲ್ಲಿ ಸೋವಿಯತ್ ರಾಯಭಾರ ಕಚೇರಿಗೆ ನಡೆದುಹೋದದ್ದು ಸಾಲ ತೀರಿಸಲು. ಮೊದಲು ಕೇಳಿದ್ದು 50,000 ಡಾಲರ್. ಆಮೇಲೆ 5,40,000 ಡಾಲರಿನ ಮನೆಯನ್ನು ನಗದು ಕೊಟ್ಟು ಕೊಂಡ, ಜಾಗ್ವಾರ್ ಕಾರಿನಲ್ಲಿ ಆಫೀಸಿಗೆ ಬಂದ. ಸಿಕ್ಕಿಬಿದ್ದದ್ದು 1994ರಲ್ಲಿ. ತೀರಿಸಲಾಗದ ಸಾಲ ಮತ್ತು ಲೆಕ್ಕಕ್ಕೆ ಸಿಗದ ಐಶ್ವರ್ಯ, ಎರಡೂ ಎಫ್ ಮಾರ್ಗಸೂಚಿಯಲ್ಲಿ ಅಕ್ಕಪಕ್ಕ ಕುಳಿತಿರುವುದು ಇಂಥವರಿಂದಾಗಿ. ನಿಮ್ಮ ಕಾರ್ಡ್ ಬಾಕಿ ನೋಡಿ ಯಾರೂ ನಿಮ್ಮನ್ನು ಏಮ್ಸ್ ಎಂದುಕೊಳ್ಳುವುದಿಲ್ಲ. ಅವರು ಕೇಳುವುದು ಸರಳ ಪ್ರಶ್ನೆ: ತನ್ನ ಹೆಸರಿನ ಬಾಧ್ಯತೆಯನ್ನು ಈತ ಹೇಗೆ ನಿಭಾಯಿಸುತ್ತಾನೆ? ಯಾರೂ ನೋಡದಿದ್ದಾಗ ನಿಯಮ ಪಾಲಿಸುತ್ತಾನಾ?

ಈಗ ಗೆಳೆಯರ ಮಾತಿಗೆ ಬರೋಣ.

ಚಾರ್ಜ್-ಆಫ್ ಆದ ಸಾಲ ಸತ್ತಿಲ್ಲ. ವಸೂಲಾಗದ ಸಾಲ ಎಂದು ಬ್ಯಾಂಕ್ ತನ್ನ ಪುಸ್ತಕದಲ್ಲಿ ಬರೆದುಕೊಂಡಿತು, ಅಷ್ಟೇ. ನೀವು ಕೊಡಬೇಕಾದದ್ದು ಹಾಗೇ ಇದೆ. ಏಳು ವರ್ಷ ಕಳೆದು ಕ್ರೆಡಿಟ್ ರಿಪೋರ್ಟಿನಿಂದ ಅಳಿಸಿಹೋದರೂ, ಕೋರ್ಟಿನಲ್ಲಿ ದಾವೆ ಹೂಡುವ ಅವಧಿ ಮುಗಿದರೂ, ಕ್ಲಿಯರೆನ್ಸ್ ತೀರ್ಮಾನಿಸುವವರ ಕಣ್ಣಲ್ಲಿ ಅದು ತೀರಿದ ಸಾಲವಲ್ಲ. ಫಾರ್ಮಿನ 26ನೇ ವಿಭಾಗವಂತೂ ಗುಮಾನಿಗೇ ಜಾಗ ಬಿಟ್ಟಿಲ್ಲ. ಕಳೆದ ಏಳು ವರ್ಷಗಳಲ್ಲಿ ಯಾವುದಾದರೂ ಖಾತೆ ಕಟ್ಟದೆ ಚಾರ್ಜ್-ಆಫ್ ಆಗಿದೆಯೇ, ರದ್ದಾಗಿದೆಯೇ, ಕಲೆಕ್ಷನ್ನಿಗೆ ಹೋಗಿದೆಯೇ, 120 ದಿನಕ್ಕಿಂತ ಹೆಚ್ಚು ಬಾಕಿ ಉಳಿದಿತ್ತೇ, ಈಗ ಉಳಿದಿದೆಯೇ ಎಂದು ಬಿಡಿಸಿ ಬಿಡಿಸಿ ಕೇಳುತ್ತದೆ. ನಿಮ್ಮ ಎರಡೂ ಕಾರ್ಡುಗಳಿಗೆ ಉತ್ತರ ‘ಹೌದು’. ‘ಚಾರ್ಜ್-ಆಫ್ ಎಂದರೆ ಮನ್ನಾ ಅಂದುಕೊಂಡಿದ್ದೆ’ ಎಂದು ಆಮೇಲೆ ಹೇಳಿದರೆ, ಪ್ರಶ್ನೆಯಲ್ಲೇ ಆ ಪದ ಇತ್ತಲ್ಲ ಎನ್ನುತ್ತಾರೆ.

ಕ್ರೆಡಿಟ್ ಸ್ಕೋರ್ ಇಷ್ಟಿರಬೇಕು ಎಂಬ ನಿಯಮವೂ ಇಲ್ಲ, ಇಷ್ಟು ಡಾಲರಿಗಿಂತ ಹೆಚ್ಚು ಸಾಲ ಇದ್ದರೆ ಆಗದು ಎಂಬ ಗೆರೆಯೂ ಇಲ್ಲ. ಮೂರು ಲಕ್ಷ ಡಾಲರ್ ಮನೆ ಸಾಲ ತಪ್ಪದೆ ಕಟ್ಟುವವನಿಗೆ ತೊಂದರೆ ಇಲ್ಲ, ಮೂರು ಸಾವಿರದ ಬಾಕಿಯನ್ನು ಕೈಯಲ್ಲಿ ಹಣವಿದ್ದೂ ಕಡೆಗಣಿಸಿದವನಿಗೆ ಇದೆ.

ಹಣಕಾಸಿನ ದೋಷವನ್ನು ತಗ್ಗಿಸುವ ಸಂದರ್ಭಗಳನ್ನೂ ಅದೇ ಮಾರ್ಗಸೂಚಿ ಪಟ್ಟಿ ಮಾಡಿದೆ. ಕೆಲಸ ಹೋದದ್ದು, ಕಾಯಿಲೆ, ವಿಚ್ಛೇದನ, ಸಾವು, ಗುರುತಿನ ಕಳವು ಹೀಗೆ ಕೈಮೀರಿದ ಕಾರಣ ಇದ್ದರೆ ಅದನ್ನು ಪರಿಗಣಿಸುತ್ತಾರೆ. ಬಹಳ ಜನ ಇಲ್ಲಿಗೇ ಓದಿ ನಿಲ್ಲಿಸುತ್ತಾರೆ. ವಾಕ್ಯದ ಉಳಿದರ್ಧ ಇರುವುದು ಮುಂದೆ: ‘ಮತ್ತು ಆ ಸ್ಥಿತಿಯಲ್ಲಿ ಜವಾಬ್ದಾರಿಯಿಂದ ನಡೆದುಕೊಂಡಿದ್ದರೆ’. ನಿಮ್ಮ ಪ್ರಕರಣ ಸಡಿಲವಾಗುವುದು ಇಲ್ಲೇ. 2023ರ ಒಂಬತ್ತು ತಿಂಗಳಿಗೆ ವಿವರಣೆ ಇದೆ. ಅದಾದ ಮೇಲಿನ ಎರಡು ವರ್ಷಕ್ಕೆ ಇಲ್ಲ. ಊರಿಗೆ ಹೋಗಿಬಂದ ವಿಮಾನದ ಟಿಕೆಟ್ಟಿಗೆ ಹಣ ಇತ್ತು, ಕಾರ್ಡಿಗೆ ಯಾಕೆ ಇರಲಿಲ್ಲ ಎಂದು ಕೇಳಿದರೆ ಏನನ್ನುತ್ತೀರಿ? ವಯಸ್ಸಾದ ಅಪ್ಪ ಅಮ್ಮನನ್ನು ನೋಡಲು ಹೋದದ್ದು ತಪ್ಪಲ್ಲ; ಆದರೆ ಆ ಪ್ರಶ್ನೆ ಬಂದೇ ಬರುತ್ತದೆ. ‘ಗಮನ ಕೊಡಬೇಕಿತ್ತು, ಕೊಡಲಿಲ್ಲ’ ಎಂಬ ನೇರ ಉತ್ತರಕ್ಕೆ ಬೆಲೆ ಇದೆ. ಹತ್ತು ನಿಮಿಷದ ಸಮಜಾಯಿಷಿ ಕೊಟ್ಟರೆ ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಂಡಂತಾಗುತ್ತದೆ.

ಎಲ್ಲ ಬಾಕಿಯನ್ನೂ ಇಂದೇ ತೀರಿಸಬೇಕು ಎಂದೇನಿಲ್ಲ. ಕಾರ್ಯಸಾಧ್ಯವಾದ ಯೋಜನೆ ಇರಬೇಕು, ಅದರಂತೆ ಕಟ್ಟುತ್ತಿರುವುದಕ್ಕೆ ಕಾಗದ ಇರಬೇಕು. ಎಲ್ಲ ಸಾಲವನ್ನೂ ಒಟ್ಟಿಗೆ ತೀರಿಸಬೇಕಿಲ್ಲ, ಒಂದಾದ ಮೇಲೊಂದು ತೀರಿಸಿದರೂ ನಡೆಯುತ್ತದೆ ಎಂಬುದು ಈ ಪ್ರಕರಣಗಳ ಮೇಲ್ಮನವಿ ಮಂಡಳಿಯ ಹಳೆಯ ನಿಲುವು. ಆದರೆ ಕ್ಲಿಯರೆನ್ಸಿಗೆ ಕುತ್ತು ಬಂದ ಮೇಲಷ್ಟೇ ಕಟ್ಟಲು ಶುರುಮಾಡಿದವರ ಪ್ರಯತ್ನಕ್ಕೆ ತೂಕ ಕಡಿಮೆ. ನಿಮಗೆ ಇನ್ನೂ ನೋಟಿಸ್ ಬಂದಿಲ್ಲ. ಈ ವಾರ ಕಟ್ಟುವ 300 ಡಾಲರಿಗೂ ಎಂಟು ತಿಂಗಳ ಮೇಲೆ ನೋಟಿಸ್ ಕೈಯಲ್ಲಿ ಹಿಡಿದು ಕಟ್ಟುವ 3,000ಕ್ಕೂ ಇರುವ ವ್ಯತ್ಯಾಸ ಅದೇ.

ಕೆಲಸ ಹೀಗೆ ಶುರುವಾಗಲಿ. ಈಕ್ವಿಫ್ಯಾಕ್ಸ್, ಎಕ್ಸ್‌ಪೀರಿಯನ್, ಟ್ರಾನ್ಸ್‌ಯೂನಿಯನ್ ಮೂರರದ್ದೂ ಕ್ರೆಡಿಟ್ ರಿಪೋರ್ಟ್ ಉಚಿತವಾಗಿ ತೆಗೆಯಿರಿ. ಒಂದರಲ್ಲಿ ಇರುವುದು ಇನ್ನೊಂದರಲ್ಲಿ ಇರುವುದಿಲ್ಲ, ಆದ್ದರಿಂದ ಮೂರೂ ಬೇಕು. ಸಾಲ ಈಗ ಯಾರ ಕೈಯಲ್ಲಿದೆ ಎಂದು ನೋಡಿ. 11,400 ಇನ್ನೂ ಮೂಲ ಬ್ಯಾಂಕಿನಲ್ಲೇ ಇರಬಹುದು. 6,200 ಏಜೆನ್ಸಿಯಿಂದ ಏಜೆನ್ಸಿಗೆ ಮಾರಾಟವಾಗಿರಬಹುದು. ಸಾಲ ಮಾರಿಬಿಟ್ಟವರಿಗೆ ಹಣ ಕಳಿಸಿ ಪರದಾಡುವವರು ಕಡಿಮೆಯೇನಿಲ್ಲ. ಏಜೆನ್ಸಿಯಿಂದ ಸಾಲದ ದೃಢೀಕರಣವನ್ನು ಲಿಖಿತವಾಗಿ ಕೇಳಿ. ರಾಜಿಯಲ್ಲಿ ಕಡಿಮೆಗೆ ಒಪ್ಪಿದರೆ, ಅಂದರೆ 6,200ರ ಬದಲು 3,700 ಎನ್ನೋಣ, ಮೊದಲು ಅವರ ಪತ್ರ ಕೈಗೆ ಬರಲಿ, ಆಮೇಲೆ ಹಣ. ಫೋನಿನಲ್ಲಿ ಆದ ಒಪ್ಪಂದಕ್ಕೆ ಸಾಕ್ಷಿ ಇಲ್ಲ. ಮನ್ನಾ ಆದ 2,500 ಡಾಲರ್ ನಿಮ್ಮ ಆದಾಯವಾಗುತ್ತದೆ. 600 ಅಥವಾ ಹೆಚ್ಚು ಮನ್ನಾ ಆದರೆ 1099-ಸಿ ಎಂಬ ಫಾರ್ಮ್ ಬರುತ್ತದೆ, ಅದನ್ನು ಆ ವರ್ಷದ ತೆರಿಗೆಯಲ್ಲಿ ತೋರಿಸಬೇಕು. ಸಾಲ ತೀರಿಸಲು ಹೋಗಿ ತೆರಿಗೆ ತಪ್ಪಿಸಿದವರಾಗಬೇಡಿ.

‘ನಿಮ್ಮ ಸಾಲ ಅರ್ಧ ಮಾಡುತ್ತೇವೆ’ ಎಂಬ ಸೆಟ್ಲ್‌ಮೆಂಟ್ ಕಂಪನಿಗಳ ಬಗ್ಗೆ ಎಚ್ಚರ. ಅವರಲ್ಲಿ ಹಲವರು ಮೊದಲು ಹೇಳುವುದೇ, ಸರಿಯಾಗಿ ಕಟ್ಟುತ್ತಿರುವ ಕಾರ್ಡನ್ನೂ ನಿಲ್ಲಿಸಿ ಎಂದು. ಎರಡು ಬಾಕಿ ನಾಲ್ಕಾಗುತ್ತದೆ. ಲಾಭರಹಿತ ಕ್ರೆಡಿಟ್ ಕೌನ್ಸೆಲಿಂಗ್ ಸಂಸ್ಥೆಗಳು ಬೇರೆ. ಅಲ್ಲಿ ಸಲಹೆ ಪಡೆದದ್ದನ್ನು ಮಾರ್ಗಸೂಚಿಯೇ ನಿಮ್ಮ ಪರವಾಗಿ ಎಣಿಸುತ್ತದೆ. ಹಾಗೆಯೇ, ಗಾಬರಿಯಿಂದ ತಮ್ಮನಿಂದಲೋ ಭಾವನಿಂದಲೋ 17,000 ಡಾಲರ್ ತರಿಸಿ ಒಂದೇ ಏಟಿಗೆ ಕಟ್ಟಬೇಡಿ. ಬ್ಯಾಂಕಿನ ಸಾಲ ಹೋಗಿ ವಿದೇಶದಲ್ಲಿರುವವರ ಋಣ ಬಂತು. ಅದು ಎಫ್ ಕಡೆಯಿಂದ ಎದ್ದು ಬಿ ಕಡೆ ಕೂರುತ್ತದೆ.

ಜತೆಗೊಂದು ಹಾಳೆಯಲ್ಲಿ ಮನೆಯ ತಿಂಗಳ ಲೆಕ್ಕ ಬರೆಯಿರಿ. ಕೈಗೆ ಬರುವ ಸಂಬಳ 7,100, ಬಾಡಿಗೆ, ದಿನಸಿ, ಕಾರು, ಇನ್ಶೂರೆನ್ಸ್, ಮಕ್ಕಳದು ಸೇರಿ 5,850, ಊರಿಗೆ 600, ಉಳಿಯುವುದು 650. ಇವು ಉದಾಹರಣೆಯ ಅಂಕಿ, ನಿಮ್ಮದನ್ನು ನೀವು ತುಂಬಿ. ಈ 650ರಲ್ಲಿ 400 ಸಾಲಕ್ಕೆ ಹೋಗುತ್ತದೆ ಎಂದು ತೋರಿಸಿದರೆ ಯೋಜನೆ ನಂಬುವಂತಿರುತ್ತದೆ. 650 ಉಳಿಯುವ ಮನೆಯವನು 900 ಕಟ್ಟುತ್ತೇನೆಂದು ಸಹಿ ಹಾಕಿ ಮೂರನೇ ತಿಂಗಳಿಗೆ ತಪ್ಪಿದರೆ, ಯೋಜನೆ ಇಲ್ಲದಿದ್ದುದಕ್ಕಿಂತ ಕೆಟ್ಟದು.

ಇನ್ನು ನಡತೆಯ ವಿಷಯ. ಇ ಮಾರ್ಗಸೂಚಿ ಎಂದರೆ ಕುಡಿತ, ಜಗಳ ಎಂದು ಹಲವರು ತಿಳಿದಿದ್ದಾರೆ. ಅವುಗಳಿಗೆ ಬೇರೆ ಮಾರ್ಗಸೂಚಿಗಳಿವೆ. ಇ ಯಲ್ಲಿ ಮೊದಲು ಬರುವುದೇ ಫಾರ್ಮಿನಲ್ಲಿ ಬೇಕೆಂದು ಬಿಟ್ಟದ್ದು, ಮುಚ್ಚಿಟ್ಟದ್ದು, ತಿರುಚಿದ್ದು. ಬಾಕಿಗೆ ಔಷಧ ಹಣ ಮತ್ತು ಕಾಲ. ಸುಳ್ಳಿಗೆ ಆ ಔಷಧ ಇಲ್ಲ, ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು. 17,600 ಡಾಲರಿನ ಬಾಕಿ ಬರೆದವನ ಪ್ರಕರಣ ಎಫ್ ಒಂದರಲ್ಲೇ ಮುಗಿಯುತ್ತದೆ. ಬರೆಯದವನಿಗೆ ಎಫ್ ಜತೆ ಇ ಕೂಡ ಅಂಟುತ್ತದೆ. ಬರೆಯದಿದ್ದರೆ ಸಿಕ್ಕಿಬೀಳುವುದಿಲ್ಲ ಎಂಬುದೂ ಇಲ್ಲ, ಕ್ರೆಡಿಟ್ ರಿಪೋರ್ಟ್ ತನಿಖೆಯ ಮೊದಲ ದಿನಗಳಲ್ಲೇ ಅವರ ಮೇಜಿಗೆ ಬಂದಿರುತ್ತದೆ. ಫಾರ್ಮಿನ ಕೊನೆಯಲ್ಲಿ ನೀವು ಹಾಕುವ ಸಹಿಯ ಹಿಂದೆ, ಸುಳ್ಳು ಹೇಳಿಕೆಗೆ ಐದು ವರ್ಷದವರೆಗೆ ಸೆರೆ ಎನ್ನುವ ಫೆಡರಲ್ ಕಾನೂನೂ ಇದೆ.

ಪಿಐಪಿ ವಿಷಯವೂ ಇಲ್ಲಿಗೇ ಸೇರುತ್ತದೆ. 13ಎ ವಿಭಾಗ ‘ನಿಮ್ಮನ್ನು ತೆಗೆದರೇ?’ ಎಂದು ಮಾತ್ರ ಕೇಳಿ ಬಿಡುವುದಿಲ್ಲ. ತೆಗೆಯುತ್ತೇವೆಂದು ಹೇಳಿದ ಮೇಲೆ ಬಿಟ್ಟಿರಾ, ಕೆಲಸ ತೃಪ್ತಿಕರವಲ್ಲ ಎಂಬ ಸೂಚನೆಯ ಬಳಿಕ ಪರಸ್ಪರ ಒಪ್ಪಿಗೆಯಿಂದ ಬಿಟ್ಟಿರಾ ಎಂದೂ ಕೇಳುತ್ತದೆ. ನಿಮ್ಮ ಕತೆಗೇ ಹೊಲಿದ ಅಂಗಿಯಂತಿದೆ ಆ ಪ್ರಶ್ನೆ. ಎಚ್‌ಆರ್ ತಾರೀಕು ಬಿಟ್ಟು ಬೇರೇನೂ ಹೇಳದಿರಬಹುದು, ಆದರೆ ತನಿಖಾಧಿಕಾರಿ ನಿಮ್ಮ ಅಂದಿನ ಮ್ಯಾನೇಜರನ್ನೂ ಪಕ್ಕದ ಸೀಟಿನವರನ್ನೂ ಹುಡುಕಿ ಮಾತಾಡಿಸಬಹುದು. ಕೆಲಸ ಸಾಲಲಿಲ್ಲ ಎಂಬ ಕಾರಣಕ್ಕೆ ಕ್ಲಿಯರೆನ್ಸ್ ನಿಲ್ಲುವುದು ವಿರಳ. ಲೇಆಫ್ ಎಂದು ಬರೆದು, ಅದು ಪಿಐಪಿ ಎಂದು ಹೊರಬಂದರೆ ನಿಲ್ಲುತ್ತದೆ.

ನಿಮಗೆ ಸಂಬಂಧಿಸಿರದಿದ್ದರೂ, ನಮ್ಮ ಐಟಿ ಬಳಗದವರೆಲ್ಲ ಓದಲಿ ಎಂದು ಒಂದು ಮಾತು. ಎಚ್-1ಬಿ ದಿನಗಳಲ್ಲಿ ಕನ್ಸಲ್ಟೆನ್ಸಿಯವರು ರೆಸ್ಯೂಮೆಗೆ ಸೇರಿಸಿಕೊಟ್ಟ ಮೂರು ವರ್ಷದ ‘ಅನುಭವ’ ಯಾರದಾದರೂ ಕಡತದಲ್ಲಿದ್ದರೆ, ಎಸ್‌ಎಫ್-86 ತುಂಬುವ ಮೊದಲು ವಕೀಲರನ್ನು ಕಾಣಲಿ. ವಲಸೆ ಕಡತ, ಪೌರತ್ವದ ಎನ್-400 ಅರ್ಜಿ, ಈ ಫಾರ್ಮ್ ಮೂರನ್ನೂ ಪಕ್ಕಪಕ್ಕ ಇಟ್ಟು ನೋಡಲು ಅವರಿಗೆ ಸಾಧ್ಯ. ಅದು ಕ್ಲಿಯರೆನ್ಸಿಗಿಂತ ದೊಡ್ಡ ಪ್ರಶ್ನೆ. ಹೆಸರಿನದ್ದೂ ಅಷ್ಟೆ: ಅಂಕಪಟ್ಟಿಯಲ್ಲಿ ಇನಿಶಿಯಲ್, ಪಾಸ್‌ಪೋರ್ಟಿನಲ್ಲಿ ಊರಿನ ಹೆಸರು, ಗ್ರೀನ್ ಕಾರ್ಡಿನಲ್ಲಿ ಅಪ್ಪನ ಹೆಸರು ಎಂದಿದ್ದರೆ ಎಲ್ಲ ರೂಪಗಳನ್ನೂ 5ನೇ ವಿಭಾಗದಲ್ಲಿ ಬರೆಯಿರಿ. ಅದರಲ್ಲಿ ನಾಚಿಕೆಪಡುವಂಥದ್ದೇನಿಲ್ಲ, ಬಿಟ್ಟರೆ ಮಾತ್ರ ತಾಳೆಯಾಗದೆ ತಿಂಗಳುಗಟ್ಟಲೆ ಕೂರುತ್ತದೆ.

ಈಗ ಊರಿನ ಖಾತೆಗಳು. ‘ಇಂಡಿಯಾದ್ದು ಕಾಣಿಸುವುದಿಲ್ಲ’ ಎನ್ನುವುದು ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ. ಫ್ಯಾಟ್ಕಾ ಕಾನೂನಿನಡಿ ಮಾಹಿತಿ ಹಂಚಿಕೊಳ್ಳಲು ಭಾರತ ಮತ್ತು ಅಮೆರಿಕ 2015ರ ಜುಲೈ 9ರಂದು ಒಪ್ಪಂದಕ್ಕೆ ಸಹಿ ಹಾಕಿವೆ. ಅಮೆರಿಕದ ತೆರಿಗೆಗೆ ಒಳಪಟ್ಟವರ ಖಾತೆಗಳ ವಿವರವನ್ನು ಭಾರತದ ಬ್ಯಾಂಕುಗಳು ಅದರಡಿ ವರದಿ ಮಾಡುತ್ತವೆ. ಬ್ಯಾಂಕಿನವರು ಎಂದೋ ಒಂದು ಫ್ಯಾಟ್ಕಾ ಘೋಷಣೆಗೆ ನಿಮ್ಮ ಸಹಿ ಪಡೆದಿರಬಹುದು, ನೆನಪಿಸಿಕೊಳ್ಳಿ.

ಎಫ್‌ಬಾರ್ ಎಂದರೆ ಫಿನ್‌ಸೆನ್ 114 ಎಂಬ ಆನ್‌ಲೈನ್ ವರದಿ. ಅಮೆರಿಕದ ಹೊರಗಿನ ಎಲ್ಲ ಖಾತೆಗಳ ಮೊತ್ತ ಒಟ್ಟಾಗಿ ವರ್ಷದ ಯಾವುದೇ ಒಂದು ದಿನ 10,000 ಡಾಲರ್ ದಾಟಿದರೆ ಹಾಕಬೇಕು. ಒಂಬತ್ತು ಲಕ್ಷ ರೂಪಾಯಿಯ ಆಸುಪಾಸು ಬಂದರೆ ಆ ಗೆರೆ ಬಂತೆಂದೇ ತಿಳಿಯಿರಿ. ಎಫ್‌ಡಿ ಸೇರುತ್ತದೆ. ‘ಐದರ್ ಆರ್ ಸರ್ವೈವರ್’ ಎಂದು ಅಪ್ಪನ ಖಾತೆಯಲ್ಲಿ ನಿಮ್ಮ ಹೆಸರಿದ್ದರೆ, ಅದರಲ್ಲಿ ನಿಮ್ಮದೊಂದು ಪೈಸೆ ಇಲ್ಲದಿದ್ದರೂ ಪೂರ್ತಿ ಮೊತ್ತ ನಿಮ್ಮ ಲೆಕ್ಕಕ್ಕೆ ಬರುತ್ತದೆ. ಬೆಂಗಳೂರಿನ ಹಳೆಯ ಕೆಲಸದ ಪಿಎಫ್ ತೆಗೆಯದೆ ಬಿಟ್ಟಿದ್ದರೆ ಅದನ್ನೂ ಮರೆಯಬೇಡಿ.

ಹೆಚ್ಚು ಜನ ಎಡವುವುದು ಎನ್‌ಆರ್‌ಇ ಬಡ್ಡಿಯಲ್ಲಿ. ಭಾರತದಲ್ಲಿ ಆ ಬಡ್ಡಿಗೆ ತೆರಿಗೆ ಇಲ್ಲ, ಆದ್ದರಿಂದ ಎಲ್ಲೂ ಇಲ್ಲ ಎಂದುಕೊಳ್ಳುತ್ತಾರೆ. ಅಮೆರಿಕದಲ್ಲಿ ಇದೆ. ಹನ್ನೆರಡು ಲಕ್ಷಕ್ಕೆ ಶೇಕಡ 7ರಂತೆ ವರ್ಷಕ್ಕೆ 84,000 ರೂಪಾಯಿ ಬಡ್ಡಿ ಬಂದರೆ ಅಷ್ಟೂ ನಿಮ್ಮ ರಿಟರ್ನಿನಲ್ಲಿ ಕಾಣಬೇಕಿತ್ತು. ಆ ರಿಟರ್ನಿನ ಷೆಡ್ಯೂಲ್ ಬಿ ಯಲ್ಲಿ ‘ವಿದೇಶದಲ್ಲಿ ಖಾತೆ ಇದೆಯೇ’ ಎಂಬ ಪ್ರಶ್ನೆಯೂ ಇದೆ. ಅಲ್ಲಿ ವರ್ಷ ವರ್ಷ ‘ಇಲ್ಲ’ ಎಂದು ಬಿದ್ದಿದ್ದರೆ, ಅದು ತೆರಿಗೆಯ ತಪ್ಪಾಗಿ ಎಫ್‌ಗೂ ತಪ್ಪು ಹೇಳಿಕೆಯಾಗಿ ಇ ಗೂ ತಾಗುತ್ತದೆ.

ಸರಿಪಡಿಸುವ ದಾರಿ ಇದೆ. ಬೇಕೆಂದು ಮಾಡಿದ ತಪ್ಪಲ್ಲದಿದ್ದರೆ, ಅಮೆರಿಕದ ತೆರಿಗೆ ಇಲಾಖೆಯಾದ ಐಆರ್‌ಎಸ್‌ನ ಸ್ಟ್ರೀಮ್‌ಲೈನ್ಡ್ ವಿಧಾನದಲ್ಲಿ ಮೂರು ವರ್ಷದ ತಿದ್ದುಪಡಿ ರಿಟರ್ನ್, ಆರು ವರ್ಷದ ಎಫ್‌ಬಾರ್ ಮತ್ತು ಕಾರಣ ವಿವರಿಸುವ ಪ್ರಮಾಣಪತ್ರ ಕೊಡಬೇಕು. ಅಮೆರಿಕದಲ್ಲೇ ವಾಸವಿರುವವರಿಗೆ ತೆರಿಗೆ, ಬಡ್ಡಿಯ ಮೇಲೆ ಆ ವಿದೇಶಿ ಆಸ್ತಿಯ ಗರಿಷ್ಠ ವರ್ಷಾಂತ್ಯ ಮೊತ್ತದ ಶೇಕಡ 5ರಷ್ಟು ದಂಡ. ಐಆರ್‌ಎಸ್ ನಿಮ್ಮ ಪರಿಶೀಲನೆ ಶುರುಮಾಡಿದ ಮೇಲೆ ಈ ಬಾಗಿಲು ಮುಚ್ಚುತ್ತದೆ. ಸದ್ದಿಲ್ಲದೆ ಈ ವರ್ಷದಿಂದ ಸರಿಯಾಗಿ ಹಾಕಿ ಹಿಂದಿನದ್ದನ್ನು ಬಿಟ್ಟುಬಿಡುವುದು ಅಗ್ಗವಾಗಿ ಕಾಣುತ್ತದೆ, ಆದರೆ ಹಿಂದಿನ ವರ್ಷಗಳು ಹಾಗೇ ಉಳಿಯುತ್ತವೆ, ಈಗಂತೂ ನಿಮಗೆ ‘ಗೊತ್ತಿರಲಿಲ್ಲ’ ಎನ್ನುವಂತಿಲ್ಲ. ಇದಕ್ಕೆ ಮೊದಲು ತೆರಿಗೆ ವಕೀಲರನ್ನು ಕಾಣಿ, ಸಿಪಿಎ, ಅಂದರೆ ಲೆಕ್ಕಪರಿಶೋಧಕರು, ಆಮೇಲೆ. ವಕೀಲರೊಂದಿಗಿನ ಮಾತಿಗೆ ಇರುವಷ್ಟು ಕಾನೂನಿನ ರಕ್ಷಣೆ ಸಿಪಿಎ ಜತೆಗಿನ ಮಾತಿಗಿಲ್ಲ.

ಫಾರ್ಮಿನ 20ಎ ವಿಭಾಗದಲ್ಲಿ ಈ ಖಾತೆಗಳನ್ನೆಲ್ಲ ಬರೆಯಬೇಕು. ಎಫ್‌ಬಾರ್ ಸರಿಯಾಗುವವರೆಗೆ ಅಲ್ಲಿ ಮೌನವಾಗಿರೋಣ ಎಂದು ಯೋಚಿಸಬೇಡಿ. ಅದೇ ವಿಭಾಗ ವಿದೇಶದಲ್ಲಿರುವವರಿಗೆ ಹಣಸಹಾಯ ಮಾಡಿದ್ದೀರಾ ಎಂದೂ ಕೇಳುತ್ತದೆ; ತಿಂಗಳ 600 ಅಲ್ಲಿಗೆ ಸೇರುತ್ತದೆ. ಅಪ್ಪ ಅಮ್ಮನಿಗೆ ಹಣ ಕಳಿಸುವುದು ದೋಷವಲ್ಲ. ಅವರು ಸರ್ಕಾರಿ ನೌಕರಿಯಲ್ಲಿದ್ದು ಪಿಂಚಣಿ ಪಡೆಯುತ್ತಿದ್ದರೆ ಅದನ್ನೂ ಹೇಳಿ.

ಮೈಸೂರಿನ ಮನೆ ಸಾಲದ್ದು ಸ್ವಲ್ಪ ಸೂಕ್ಷ್ಮ. ಸಹ-ಸಾಲಗಾರ ಎಂದರೆ ಬರೀ ಸಾಲದಲ್ಲಿ ನಿಮ್ಮ ಹೆಸರಿದೆಯೋ, ಕ್ರಯಪತ್ರದಲ್ಲೂ ಇದೆಯೋ? ಇವತ್ತೇ ತಮ್ಮನಿಗೆ ಹೇಳಿ ಕ್ರಯಪತ್ರ, ಖಾತಾ, ಸಾಲದ ಸ್ಟೇಟ್‌ಮೆಂಟ್ ಮೂರರ ಫೋಟೊ ತರಿಸಿ. ಕ್ರಯಪತ್ರದಲ್ಲಿ ಹೆಸರಿದ್ದರೆ ಅದು ವಿದೇಶದಲ್ಲಿರುವ ಸ್ಥಿರಾಸ್ತಿ, 20ಎ ಯಲ್ಲಿ ಬರೆಯಲೇಬೇಕು. ಇಎಂಐ ತಪ್ಪಿದ್ದಿದೆಯೇ ನೋಡಿ. 26ನೇ ವಿಭಾಗ ನಿಮ್ಮೊಬ್ಬರ ಸಾಲಕ್ಕಷ್ಟೇ ಅಲ್ಲ, ಸಹ-ಸಹಿ ಹಾಕಿದ, ಜಾಮೀನು ನಿಂತ ಸಾಲಕ್ಕೂ ಅನ್ವಯಿಸುತ್ತದೆ. ಒಂದೆರಡು ಇಎಂಐ ಬೌನ್ಸ್ ಆಗಿ ಮುಂದಿನ ತಿಂಗಳು ಕಟ್ಟಿದ್ದರೆ 120 ದಿನದ ಪ್ರಶ್ನೆಗೆ ಉತ್ತರ ‘ಇಲ್ಲ’ ಎಂದೇ. ಇಲ್ಲದ ತಪ್ಪನ್ನು ಒಪ್ಪಿಕೊಳ್ಳುವುದೂ ಬೇಡ.

ವಿದೇಶಿ ಪೌರರಾದ ಭಾರತೀಯ ಮೂಲದವರಿಗೆ ಭಾರತ ಕೊಡುವ ಒಸಿಐ ಕಾರ್ಡ್ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಅದನ್ನು ಇಟ್ಟುಕೊಂಡದ್ದೇ ಅನರ್ಹತೆಯಲ್ಲ. ಇದೆ ಎಂದು ಷರಾ ಬರೆಯುವ ಜಾಗದಲ್ಲಿ ತಿಳಿಸಿ, ಭಾರತದ ಪಾಸ್‌ಪೋರ್ಟ್ ಒಪ್ಪಿಸಿದ ಪ್ರಮಾಣಪತ್ರದ ಪ್ರತಿ ಜೋಪಾನವಾಗಿಡಿ.

ಷರಾ ಬರೆಯುವುದು ಹೇಗೆಂದರೆ, ಚಿಕ್ಕದಾಗಿ, ತಾರೀಕು ಅಂಕಿ ಸಹಿತ. ಇಂಗ್ಲಿಷಿನಲ್ಲಿ ನೀವು ಬರೆಯುವುದರ ಸಾರ ಇಷ್ಟಿದ್ದರೆ ಸಾಕು: ‘2023ರ ಮಾರ್ಚ್‌ನಿಂದ ನವೆಂಬರ್‌ವರೆಗೆ ಕೆಲಸ ಇರಲಿಲ್ಲ, ಈ ಕಾರ್ಡ್ ಕಟ್ಟಲಾಗಲಿಲ್ಲ. ಕೆಲಸ ಸಿಕ್ಕ ಮೇಲೆ ತಡಮಾಡಿದ್ದು ನನ್ನ ತಪ್ಪು. ಇಂಥ ದಿನ ಏಜೆನ್ಸಿಯೊಂದಿಗೆ ತಿಂಗಳಿಗೆ 250 ಡಾಲರಿನ ಒಪ್ಪಂದವಾಗಿದೆ, ಮೊದಲ ಕಂತು ಕಟ್ಟಿದ್ದೇನೆ.’ ಹಳೆಯ ಕಂಪನಿಯನ್ನು ಬೈಯುವುದು, ದೇಶಭಕ್ತಿಯ ಮಾತು ಯಾವುದೂ ಬೇಡ.

ನಿಮ್ಮ ಮುಂದೆ ಇರುವ ಆಯ್ಕೆಗಳು ಮೂರು. ಎಲ್ಲ ಬರೆದು ಹತ್ತು ದಿನದೊಳಗೆ ಸಲ್ಲಿಸುವುದು ಒಂದು. ಇದರಲ್ಲಿ ತಾತ್ಕಾಲಿಕ ಕ್ಲಿಯರೆನ್ಸ್ ಸಿಗದಿರುವ ಸಾಧ್ಯತೆ ದೊಡ್ಡದು, ಅದಕ್ಕೆ ಮೇಲ್ಮನವಿ ಇಲ್ಲ. ಪೂರ್ಣ ತನಿಖೆ ಮುಗಿಯುವವರೆಗೆ ಕಂಪನಿ ಕಾಯುತ್ತದೋ ಇಲ್ಲವೋ ಹೇಳಲಾಗದು. ಎರಡನೆಯದು, ಕೆಲಸ ಸೇರುವ ದಿನವನ್ನೇ ಎರಡು ಮೂರು ತಿಂಗಳು ಮುಂದೂಡಲು ಕೇಳಿ, ಅಷ್ಟರಲ್ಲಿ ಮೂರು ಕಂತು ಕಟ್ಟಿ, ತೆರಿಗೆ ಕಡತ ಸಲ್ಲಿಸಿ, ಆಮೇಲೆ ಫಾರ್ಮ್ ತುಂಬುವುದು. ಕಡತ ಗಟ್ಟಿಯಾಗುತ್ತದೆ, ಆಫರ್ ಕೈತಪ್ಪಬಹುದು. ಮೂರನೆಯದು ದಿವಾಳಿ ಅರ್ಜಿ. ಅದು ಕಾನೂನುಬದ್ಧ ದಾರಿ, ಅದೊಂದರಿಂದಲೇ ಕ್ಲಿಯರೆನ್ಸ್ ತಪ್ಪುವುದಿಲ್ಲ, ಆದರೆ ಸಂಬಳ ಬರುತ್ತಿರುವಾಗ 17,600ಕ್ಕೆ ಆ ದಾರಿ ಹಿಡಿದರೆ ಕಟ್ಟುವ ಮನಸ್ಸಿಲ್ಲ ಎಂದು ಓದಿಕೊಳ್ಳುತ್ತಾರೆ. ನಾನಾದರೆ ಮೊದಲನೆಯದನ್ನೇ ಹೇಳುತ್ತೇನೆ, ಕಂಪನಿಯ ಎಫ್‌ಎಸ್‌ಒಗೆ ಒಂದು ವಾರ ಹೆಚ್ಚು ಸಮಯ ಕೇಳುವುದರ ಜತೆಗೆ. ಎಫ್‌ಎಸ್‌ಒ ಎಂದರೆ ಅಲ್ಲಿನ ಭದ್ರತಾ ಅಧಿಕಾರಿ. ಫಾರ್ಮ್ ಪೂರ್ತಿಯಾಗಿದೆಯೇ ಎಂದು ನೋಡಲು ಮಾತ್ರ ಅವರಿಗೆ ಅಧಿಕಾರ, ಅಲ್ಲಿ ಓದಿದ್ದನ್ನು ಬೇರೆ ಕೆಲಸಕ್ಕೆ ಬಳಸುವಂತಿಲ್ಲ. ಅಂದಹಾಗೆ, ಹಣ ಕೊಟ್ಟರೆ ಕ್ಲಿಯರೆನ್ಸ್ ಮಾಡಿಸಿಕೊಡುತ್ತೇವೆ ಎನ್ನುವವರು ಮೋಸಗಾರರು. ಈ ತನಿಖೆಯ ಖರ್ಚು ಸರ್ಕಾರದ್ದು.

ಸೀಕ್ರೆಟ್ ಮಟ್ಟಕ್ಕೆ ಮುಖಾಮುಖಿ ಮಾತುಕತೆ ಎಲ್ಲರಿಗೂ ಇರುವುದಿಲ್ಲ, ನಿಮಗೆ ಇರುತ್ತದೆ ಎಂದೇ ಸಿದ್ಧರಾಗಿ. ‘ಬಾಕಿ ಏನಾದರೂ ಇದೆಯೇ?’ ಎಂಬ ತೆರೆದ ಪ್ರಶ್ನೆ ಮೊದಲು ಬರುತ್ತದೆ, ಕ್ರೆಡಿಟ್ ರಿಪೋರ್ಟ್ ಆಮೇಲೆ ಹೊರಬರುತ್ತದೆ. ಫಾರ್ಮಿನಲ್ಲಿ ಏನಾದರೂ ಬಿಟ್ಟುಹೋಗಿದ್ದರೆ ಹೇಳಬೇಕಾದ ಕ್ಷಣ ಇವೆರಡರ ನಡುವಿನದು. ಅವರು ಎತ್ತಿ ತೋರಿಸುವ ಮೊದಲು ತಾನಾಗಿ ಸರಿಪಡಿಸಿದ್ದಕ್ಕೆ ಮಾರ್ಗಸೂಚಿಯಲ್ಲಿ ರಿಯಾಯಿತಿ ಇದೆ, ತೋರಿಸಿದ ಮೇಲೆ ಇಲ್ಲ.

ಎಲ್ಲ ಮಾಡಿದ ಮೇಲೂ ಕ್ಲಿಯರೆನ್ಸ್ ಯಾಕೆ ಕೊಡಲಾಗದು ಎಂದು ತಿಳಿಸುವ ‘ಎಸ್‌ಒಆರ್’ ಎಂಬ ಕಾರಣಗಳ ಪಟ್ಟಿ ಬಂದರೆ ಅದೇ ಕೊನೆಯಲ್ಲ. 20 ದಿನದೊಳಗೆ ಒಂದೊಂದು ಆರೋಪಕ್ಕೂ ಒಪ್ಪುತ್ತೇನೆ ಅಥವಾ ಇಲ್ಲ ಎಂದು ಪ್ರಮಾಣ ಮಾಡಿ ಉತ್ತರಿಸಬೇಕು. ಕಡತದ ಮೇಲೆಯೇ ತೀರ್ಪು ಬೇಕೋ, ನ್ಯಾಯಾಧೀಶರ ಮುಂದೆ ವಿಚಾರಣೆ ಬೇಕೋ ನೀವೇ ಆರಿಸಬಹುದು. ನಿಮ್ಮಂಥ ಪ್ರಕರಣದಲ್ಲಿ ವಿಚಾರಣೆ ಕೇಳಿ. ಕಾಗದ ನಿಮ್ಮ ಪ್ರಾಮಾಣಿಕತೆಯನ್ನು ಅಷ್ಟಾಗಿ ತೋರಿಸದು. ಎಲ್ಲ ರಸೀದಿಯೂ ಅಲ್ಲೇ ಹಾಜರಾಗಬೇಕು, ಮೇಲ್ಮನವಿ ಮಂಡಳಿ ಹೊಸ ಸಾಕ್ಷ್ಯ ತೆಗೆದುಕೊಳ್ಳುವುದಿಲ್ಲ. ಅಲ್ಲೂ ಸೋತರೆ ಮತ್ತೆ ಅರ್ಜಿಗೆ ಒಂದು ವರ್ಷ ಕಾಯಬೇಕು.

ಸಿಕ್ಕಿತು ಎನ್ನೋಣ. ಆಮೇಲೂ ಕ್ರೆಡಿಟ್ ಮತ್ತು ಪೊಲೀಸ್ ದಾಖಲೆಗಳ ಮೇಲೆ ನಿರಂತರ ಕಣ್ಣಿರುತ್ತದೆ, ಊರಿಗೆ ಹೋಗುವ ಮುನ್ನ ಎಫ್‌ಎಸ್‌ಒಗೆ ತಿಳಿಸಬೇಕಾಗುತ್ತದೆ. ಮುಂದೆಂದಾದರೂ ಹಾಸನದ ಜಮೀನು ಭಾಗವಾಗಿ ನಿಮ್ಮ ಪಾಲಿನ ಹಣ ಬಂದರೆ ಅದನ್ನೂ ಮೊದಲೇ ಕೇಳಿ ತಿಳಿದುಕೊಳ್ಳಿ. ಟಾಪ್ ಸೀಕ್ರೆಟ್ ಮಟ್ಟದವರು 10,000 ಡಾಲರ್ ಅಥವಾ ಅದಕ್ಕಿಂತ ಹೆಚ್ಚಿನ ಅನಿರೀಕ್ಷಿತ ಹಣವನ್ನು ವರದಿ ಮಾಡಲೇಬೇಕು.

‘ಸಲ್ಲಿಸು’ ಬಟನ್ ಒತ್ತಿದ ಕೂಡಲೇ ಫಾರ್ಮಿನ ಪಿಡಿಎಫ್ ಪ್ರತಿ ಇಳಿಸಿಕೊಳ್ಳಿ. ಕ್ರೆಡಿಟ್ ರಿಪೋರ್ಟುಗಳು, ಏಜೆನ್ಸಿಯ ಪತ್ರ, ಕಂತಿನ ರಸೀದಿ, ತಮ್ಮ ಕಳಿಸಿದ ಕ್ರಯಪತ್ರದ ಫೋಟೊ ಎಲ್ಲ ಅದೇ ಫೋಲ್ಡರಿನಲ್ಲಿರಲಿ. ಕೆಲವು ವರ್ಷದ ಮೇಲೆ ಇದೇ ಫಾರ್ಮನ್ನು ಮತ್ತೆ ತುಂಬುವಾಗ, ಹೊಸದನ್ನು ಹಳೆಯದರ ಪಕ್ಕ ಇಟ್ಟು ಓದುವವರು ಅಲ್ಲಿ ಇದ್ದೇ ಇರುತ್ತಾರೆ.